ಕಿವಿಯಿಂದ ಓದುವವರಿಗೆ ಕನ್ನಡ ಕಡತ: ಹಂತ ಹಂತವಾಗಿ

ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದರೆ ಪರದೆಯ ಮೇಲೆ ಕನ್ನಡವೇ ಕಾಣುತ್ತದೆ. ಕಂಪ್ಯೂಟರಿನ ಒಳಗೆ ಉಳಿಯುವುದು ಬೇರೆ: ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಎಸ್, ಚಿಕ್ಕ ಕ್ಯೂ, ಮತ್ತೊಮ್ಮೆ ಎ. ಈ ಏಳು ಚಿಹ್ನೆಗಳಿಗೆ ಫಾಂಟು ಕನ್ನಡದ ವೇಷ ತೊಡಿಸುತ್ತದೆ. ಕಣ್ಣಿಗೆ ಅಷ್ಟು ಸಾಕು. ಅಂಧರು ಬಳಸುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶಕ್ಕೆ ವೇಷ ಕಾಣುವುದಿಲ್ಲ, ಒಳಗಿರುವುದನ್ನೇ ಅದು ಗಟ್ಟಿಯಾಗಿ ಓದುತ್ತದೆ. ಕೇಳುವವರ ಪಾಲಿಗೆ ಹೊಯ್ಸಳರ ಇತಿಹಾಸವೂ ಒಂದೇ, ವಿದ್ಯಾರ್ಥಿವೇತನದ ಸುತ್ತೋಲೆಯೂ ಒಂದೇ, ಎರಡೂ ಗದ್ದಲ.

ನೋಟ್ಸ್ ಸಿದ್ಧಪಡಿಸುವ ಮೇಷ್ಟ್ರು, ಸುತ್ತೋಲೆ ಟೈಪ್ ಮಾಡುವ ಗುಮಾಸ್ತರು, ಸಂಘದ ವಾರ್ಷಿಕ ವರದಿ ಬರೆಯುವ ಕಾರ್ಯದರ್ಶಿಗಳು, ಇವರೆಲ್ಲರೂ ತಮ್ಮ ಕಡತವನ್ನು ಕಿವಿಯಿಂದ ಓದುವವರಿಗೂ ಒದಗುವಂತೆ ಮಾಡಬಹುದು. ಇದಕ್ಕೆ ಪ್ರೋಗ್ರಾಮಿಂಗ್ ಬೇಡ, ದುಡ್ಡೂ ಬೇಡ. ಆದರೆ ಕ್ರಮ ಮುಖ್ಯ. ಅಕ್ಷರವೇ ಸರಿಯಿಲ್ಲದ ಕಡತದಲ್ಲಿ ಚಿತ್ರಗಳಿಗೆ ವಿವರಣೆ ಬರೆಯುತ್ತಾ ಕೂತರೆ ಆ ವಿವರಣೆಯಷ್ಟೇ ಕೇಳಿಸೀತು.

ಹಂತ 1: ಮೊದಲು ನೀವೇ ಕೇಳಿ

ವಿಂಡೋಸ್ ಕಂಪ್ಯೂಟರ್ ಇದ್ದರೆ ಎನ್‌ವಿಡಿಎ ಇಳಿಸಿಕೊಳ್ಳಿ. ಸಂಪೂರ್ಣ ಉಚಿತವಾದ ಈ ಸ್ಕ್ರೀನ್ ರೀಡರನ್ನು 2006ರಲ್ಲಿ ಬರೆಯಲು ತೊಡಗಿದವರು ಆಸ್ಟ್ರೇಲಿಯಾದ ಮೈಕೆಲ್ ಕರನ್. ಅವರೂ, ಬೇಗನೆ ಜೊತೆಗೂಡಿದ ಜೇಮ್ಸ್ ಟೆಹ್ ಕೂಡ ಅಂಧರೇ. ಕಣ್ಣಿಲ್ಲದವನು ಕಂಪ್ಯೂಟರ್ ಬಳಸಲು ಕಂಪ್ಯೂಟರಿನ ಬೆಲೆಗಿಂತ ಹೆಚ್ಚು ಕೊಟ್ಟು ತಂತ್ರಾಂಶ ಕೊಳ್ಳಬೇಕಿದ್ದ ಕಾಲ ಅದು.

ಸ್ಥಾಪಿಸಿ ಮೊದಲ ಸಲ ತೆರೆದಾಗ ಮೂಡುವ ಸ್ವಾಗತದ ಕಿಟಕಿಯಲ್ಲಿ ಕ್ಯಾಪ್ಸ್ ಲಾಕ್ ಅನ್ನು ಎನ್‌ವಿಡಿಎ ಕೀಲಿಯಾಗಿ ಬಳಸುವ ಆಯ್ಕೆಗೆ ಗುರುತು ಹಾಕಿ, ಲ್ಯಾಪ್‌ಟಾಪಿನಲ್ಲಿ ಅದೇ ಸಲೀಸು. ಎನ್‌ವಿಡಿಎ ಮೆನುವಿನ ಸೆಟ್ಟಿಂಗ್ಸ್‌ಗೆ ಹೋಗಿ ದನಿಯನ್ನು ಕನ್ನಡಕ್ಕೆ ಬದಲಿಸಿ. ಇದರೊಳಗೆ ಬರುವ ಈಸ್ಪೀಕ್ ಎಂಬ ದನಿಗೆ ಕನ್ನಡ ಗೊತ್ತು. ಉಚ್ಚಾರ ಯಾಂತ್ರಿಕ, ಮೊದಲ ದಿನ ನಗು ಬರುತ್ತದೆ. ಆದರೆ ರೂಢಿಯಾದವರು ಇದನ್ನು ನಮಗೆ ಒಂದು ಪದವೂ ಹಿಡಿಯದಷ್ಟು ವೇಗದಲ್ಲಿ ಓಡಿಸಿ ಕೇಳುತ್ತಾರೆ. ಮಾತು ನಿಲ್ಲಿಸಲು ಕಂಟ್ರೋಲ್ ಕೀಲಿ ಒತ್ತಿದರಾಯಿತು.

ಕಣ್ಣು ಕಾಣುವವರಿಗೆ ಇನ್ನೊಂದು ಅನುಕೂಲವಿದೆ. ಟೂಲ್ಸ್ ಮೆನುವಿನಲ್ಲಿ ಸ್ಪೀಚ್ ವ್ಯೂವರ್ ತೆರೆದರೆ ಎನ್‌ವಿಡಿಎ ಏನೇನು ಹೇಳುತ್ತಿದೆಯೋ ಅದೆಲ್ಲ ಪುಟ್ಟ ಕಿಟಕಿಯೊಂದರಲ್ಲಿ ಅಕ್ಷರವಾಗಿ ಬೀಳುತ್ತಾ ಹೋಗುತ್ತದೆ. ಆರಂಭದಲ್ಲಿ ಇದು ಜೊತೆಗಿರಲಿ.

ಕಂಪ್ಯೂಟರ್ ಇಲ್ಲದವರು ಆಂಡ್ರಾಯ್ಡ್ ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿ ಟಾಕ್‌ಬ್ಯಾಕ್ ಹುಡುಕಿ. ಒಂದು ಎಚ್ಚರಿಕೆ: ಆನ್ ಮಾಡುವ ಮೊದಲು ಆಫ್ ಮಾಡುವುದನ್ನು ತಿಳಿದಿರಿ. ಟಾಕ್‌ಬ್ಯಾಕ್ ಇರುವಾಗ ಒಮ್ಮೆ ಮುಟ್ಟಿದರೆ ಫೋನು ಹೆಸರು ಹೇಳುತ್ತದೆ, ತೆರೆಯಲು ಎರಡು ಸಲ ತಟ್ಟಬೇಕು, ಪುಟ ಸರಿಸಲು ಎರಡು ಬೆರಳು ಬೇಕು. ಗೊತ್ತಿಲ್ಲದೆ ಆನ್ ಮಾಡಿಕೊಂಡು ಫೋನೇ ಕೆಟ್ಟಿತೆಂದು ಅಂಗಡಿಗೆ ಓಡಿದವರಿದ್ದಾರೆ. ವಾಲ್ಯೂಮಿನ ಎರಡೂ ಗುಂಡಿಗಳನ್ನು ಮೂರು ಸೆಕೆಂಡ್ ಒಟ್ಟಿಗೆ ಒತ್ತಿ ಹಿಡಿಯುವ ಶಾರ್ಟ್‌ಕಟ್ಟನ್ನು ಮೊದಲೇ ಹೊಂದಿಸಿಕೊಂಡರೆ ಈ ಫಜೀತಿ ಇಲ್ಲ.

ಈಗ ನಿಮ್ಮದೇ ಹಳೆಯ ಕಡತವೊಂದನ್ನು ತೆರೆದು ಓದಿಸಿ. ಕಣ್ಣು ಮುಚ್ಚಿ ಕೇಳಿ, ಪರದೆ ಕಂಡರೆ ಮನಸ್ಸು ತಪ್ಪನ್ನು ತಾನೇ ತಿದ್ದಿಕೊಂಡುಬಿಡುತ್ತದೆ.

ಹಂತ 2: ಅಕ್ಷರವನ್ನು ಯುನಿಕೋಡಿಗೆ ತನ್ನಿ

ಕಡತ ಯಾವ ಬಗೆಯದೆಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲೋ ನೋಟ್‌ಪ್ಯಾಡಿನಲ್ಲೋ ಅಂಟಿಸಿ. ಕನ್ನಡವಾಗಿಯೇ ಉಳಿದರೆ ಅದು ಯುನಿಕೋಡ್, ಅಂದರೆ ಕನ್ನಡದ ಅಕ್ಷರವನ್ನು ಕನ್ನಡವೆಂದೇ ದಾಖಲಿಸುವ ಪದ್ಧತಿ. ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾದರೆ ಹಳೆಯ ಆಸ್ಕಿ, ಅಂದರೆ ಮೊದಲು ಹೇಳಿದ ವೇಷದ ಪದ್ಧತಿ. ಹೆಸರು ನುಡಿ, ಬರಹ, ಶ್ರೀಲಿಪಿ ಯಾವುದೇ ಇರಲಿ, ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದರ ಕಥೆ ಇದೇ. ಹಾಗೆಂದು ಆ ತಂತ್ರಾಂಶಗಳನ್ನು ದೂರಬೇಕಿಲ್ಲ. ಕಂಪ್ಯೂಟರುಗಳು ಯುನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸಲಾರದ ದಿನಗಳಲ್ಲಿ ಕನ್ನಡದ ಕಚೇರಿ, ಪತ್ರಿಕೆಗಳನ್ನು ನಡೆಸಿದ್ದೇ ಅವು. ಯುನಿಕೋಡ್ 1991ರ ತನ್ನ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು, ಅದು ನಮ್ಮ ಮೇಜಿನವರೆಗೆ ಬರಲು ತಡವಾಯಿತು. ಈಗ ಬಂದಾಗಿದೆ. ಇನ್ನೂ ಹಳೆಯ ಫಾಂಟಿನಲ್ಲೇ ಹೊಸ ಕಡತ ಮಾಡುವುದಕ್ಕೆ ಅಭ್ಯಾಸಬಲದ ಹೊರತು ಬೇರೆ ಕಾರಣ ನನಗೆ ಕಾಣುವುದಿಲ್ಲ.

ಬೆರಳಿನ ಅಭ್ಯಾಸವನ್ನೂ ಬಿಡಬೇಕಿಲ್ಲ. ನುಡಿ ಮತ್ತು ಬರಹ ಎರಡರಲ್ಲೂ ಯುನಿಕೋಡಿನಲ್ಲಿ ಟೈಪ್ ಮಾಡುವ ಆಯ್ಕೆಯಿದೆ, ಕೆ.ಪಿ. ರಾವ್ ರೂಪಿಸಿದ ಅದೇ ಕೀಲಿಮಣೆ ವಿನ್ಯಾಸ ಹಾಗೆಯೇ ನಡೆಯುತ್ತದೆ. ಬದಲಾಗುವುದು ಒಂದು ಆಯ್ಕೆ, ಒಂದು ಫಾಂಟು. ನಿರ್ಮಲಾ, ತುಂಗಾ, ನೋಟೊ ಸಾನ್ಸ್ ಕನ್ನಡ, ಇವುಗಳಲ್ಲಿ ಯಾವುದಾದರೂ ಆದೀತು.

ಹಳೆಯ ಕಡತಗಳನ್ನು ಪರಿವರ್ತಕದ ಮೂಲಕ ಹಾಯಿಸಿ. ನುಡಿ, ಬರಹಗಳ ಜೊತೆಗೇ ಪರಿವರ್ತಕ ಬರುತ್ತದೆ, ಅಂತರ್ಜಾಲದಲ್ಲೂ ಉಚಿತವಾಗಿ ಸಿಗುತ್ತದೆ. ಮೂಲ ಕಡತದ ಪ್ರತಿಯೊಂದನ್ನು ಪಕ್ಕಕ್ಕಿಟ್ಟೇ ಕೈಹಾಕಿ. ಪರಿವರ್ತನೆ ಮುಗಿದರೆ ಕೆಲಸ ಮುಗಿಯಿತೆಂದುಕೊಳ್ಳಬೇಡಿ. ತಪ್ಪುಗಳು ಅಡಗುವ ಜಾಗಗಳು ಇವು:

ಅರ್ಕಾವತ್ತು. ಹಳೆಯ ಪದ್ಧತಿಯಲ್ಲಿ ಅದು ಬರೆಯುವ ಕ್ರಮದಲ್ಲಿ, ಅಂದರೆ ವ್ಯಂಜನದ ನಂತರ, ದಾಖಲಾಗುತ್ತದೆ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ, ‘ರ್’ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ತಳ್ಳಬೇಕು, ಕೆಲವೊಮ್ಮೆ ತಳ್ಳುವುದಿಲ್ಲ. ‘ಕರ್ನಾಟಕ’, ‘ಕಾರ್ಯದರ್ಶಿ’, ‘ವರ್ಷ’ ಇಂಥ ಪದಗಳನ್ನು ಹುಡುಕಿ ನೋಡಿ.

ಎರಡೆರಡು ಒತ್ತುಗಳ ಪದಗಳು. ‘ರಾಷ್ಟ್ರ’, ‘ಶಾಸ್ತ್ರ’, ‘ಸ್ತ್ರೀ’.

ನಡುವೆ ಬಂದ ಇಂಗ್ಲಿಷ್. ಯಂತ್ರಕ್ಕೆ ಹಳೆಯ ಕನ್ನಡವೂ ಇಂಗ್ಲಿಷ್ ಅಕ್ಷರವೇ ಆದ್ದರಿಂದ, ಇಮೇಲ್ ವಿಳಾಸ, ಜಾಲತಾಣದ ಹೆಸರು, ಪುಸ್ತಕದ ಹೆಸರು ಎಲ್ಲವೂ ಕನ್ನಡವಾಗಿ ಮಾರ್ಪಟ್ಟು ಅರ್ಥವಿಲ್ಲದ ಸಾಲುಗಳಾಗುತ್ತವೆ. ಇವನ್ನು ಕೈಯಲ್ಲೇ ಮತ್ತೆ ಟೈಪ್ ಮಾಡಬೇಕು.

ಇನ್ನು ಸೊನ್ನೆ. ಇದು ಪರಿವರ್ತಕದ ತಪ್ಪಲ್ಲ, ನಮ್ಮ ಬೆರಳಿನದು. ‘ಬಂದ’ ಎಂಬಲ್ಲಿ ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆ ಒತ್ತಿದರೆ ‘ಬ೦ದ’ ಆಗುತ್ತದೆ. ಬಹುತೇಕ ಫಾಂಟುಗಳಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುವುದೇ ಇಲ್ಲ. ಸ್ಕ್ರೀನ್ ರೀಡರ್ ಮಾತ್ರ ಪದವನ್ನು ಅಲ್ಲಿಗೆ ತುಂಡರಿಸಿ ‘ಬ, ಸೊನ್ನೆ, ದ’ ಎಂದು ಓದೀತು. ಹುಡುಕಾಟದಲ್ಲೂ ಆ ಪದ ಸಿಗದು. ಫೈಂಡ್ ಅಂಡ್ ರಿಪ್ಲೇಸ್ ತೆರೆದು ಅಂಕಿ ಸೊನ್ನೆಯನ್ನು ಹುಡುಕಿ. ಅದು ಅಕ್ಷರದ ಬೆನ್ನಿಗೆ ಅಂಟಿ ಬಂದಲ್ಲೆಲ್ಲ ಅನುಸ್ವಾರ ಹಾಕಿ, ನಿಜವಾದ ಸಂಖ್ಯೆಗಳನ್ನು ಬಿಟ್ಟುಬಿಡಿ. ಎಲ್ಲವನ್ನೂ ಒಂದೇ ಏಟಿಗೆ ಬದಲಿಸಿದರೆ ‘೧೦೦ ರೂಪಾಯಿ’ ‘೧ಂಂ ರೂಪಾಯಿ’ ಆದೀತು.

ಡಿಟಿಪಿಯವರ ಒಂದು ಚಟವನ್ನೂ ಇಲ್ಲೇ ಬಿಡಿಸಬೇಕು. ಶೀರ್ಷಿಕೆ ಉದ್ದವಾಗಿ ಕಾಣಲೆಂದು ‘ಪ್ರ ಕ ಟ ಣೆ’ ಎಂದು ಜಾಗ ಬಿಟ್ಟು ಟೈಪ್ ಮಾಡುತ್ತಾರೆ. ಕಿವಿಗೆ ಅವು ನಾಲ್ಕು ಬೇರೆ ಬೇರೆ ಪದಗಳು. ಅಕ್ಷರಗಳ ನಡುವೆ ಅಂತರ ಬೇಕಿದ್ದರೆ ಫಾಂಟ್ ಸೆಟ್ಟಿಂಗಿನಲ್ಲಿ ಅದಕ್ಕೆಂದೇ ಆಯ್ಕೆಯಿದೆ.

ಕೊನೆಗೆ, ಇಡೀ ಪಠ್ಯವನ್ನು ಆರಿಸಿ ವರ್ಡ್‌ನ ರಿವ್ಯೂ ಪಟ್ಟಿಯಲ್ಲಿ ಭಾಷೆಯನ್ನು ಕನ್ನಡ ಎಂದು ಗೊತ್ತುಮಾಡಿ. ಇಂಗ್ಲಿಷ್ ದನಿಯಲ್ಲಿ ಓದುತ್ತಿರುವ ಎನ್‌ವಿಡಿಎ ಆ ಗುರುತನ್ನು ನೋಡಿ ತಾನಾಗಿ ಕನ್ನಡದ ದನಿಗೆ ಹೊರಳಬಲ್ಲದು.

ಹಂತ 3: ಶೀರ್ಷಿಕೆಯನ್ನು ಶೀರ್ಷಿಕೆ ಎಂದೇ ಗುರುತಿಸಿ

ನಲವತ್ತು ಪುಟದ ನೋಟ್ಸಿನಲ್ಲಿ ನಾವು ಬೇಕಾದ ಅಧ್ಯಾಯ ಹುಡುಕುವುದು ಕಣ್ಣು ಹಾಯಿಸಿ. ದಪ್ಪಕ್ಷರ ಕಂಡಲ್ಲಿ ನಿಲ್ಲುತ್ತೇವೆ. ಸ್ಕ್ರೀನ್ ರೀಡರಿಗೆ ದಪ್ಪಕ್ಷರ, ದೊಡ್ಡ ಗಾತ್ರ, ಅಡಿಗೆರೆ ಯಾವುದೂ ಶೀರ್ಷಿಕೆಯ ಗುರುತಲ್ಲ. ವರ್ಡ್‌ನಲ್ಲಿ ಸಾಲಿನ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್, ಆಲ್ಟ್ ಮತ್ತು 1 ಒಟ್ಟಿಗೆ ಒತ್ತಿದರೆ ಅದು ಹೆಡಿಂಗ್ 1 ಆಗುತ್ತದೆ. ಅಧ್ಯಾಯಕ್ಕೆ 1, ಅದರೊಳಗಿನ ಭಾಗಕ್ಕೆ 2, ಇನ್ನೂ ಒಳಗಿನದಕ್ಕೆ 3. ಬಣ್ಣವೋ ಗಾತ್ರವೋ ಹಿಡಿಸದಿದ್ದರೆ ಆ ಸ್ಟೈಲನ್ನೇ ಒಮ್ಮೆ ತಿದ್ದಿ, ಎಲ್ಲ ಕಡೆ ಬದಲಾಗುತ್ತದೆ. ಅದಕ್ಕಾಗಿ 1ರಿಂದ ನೇರ 3ಕ್ಕೆ ಜಿಗಿಯಬೇಡಿ.

ಫಲ ನೋಡಬೇಕೆ? ಎನ್‌ವಿಡಿಎ ಕೀಲಿಯ ಜೊತೆ ಸ್ಪೇಸ್ ಒತ್ತಿ ಬ್ರೌಸ್ ಮೋಡಿಗೆ ಹೋಗಿ, ಇಂಗ್ಲಿಷ್ ಎಚ್ ಕೀಲಿ ಒತ್ತುತ್ತಾ ಹೋಗಿ. ಒಂದೊಂದು ಒತ್ತಿಗೂ ಮುಂದಿನ ಶೀರ್ಷಿಕೆ. ಎನ್‌ವಿಡಿಎ ಕೀಲಿ ಮತ್ತು ಎಫ್7 ಒತ್ತಿದರೆ ಎಲ್ಲ ಶೀರ್ಷಿಕೆಗಳೂ ಒಂದೇ ಪಟ್ಟಿಯಾಗಿ ಬರುತ್ತವೆ. ಪರೀಕ್ಷೆಯ ಹಿಂದಿನ ರಾತ್ರಿ ವಿದ್ಯಾರ್ಥಿಯೊಬ್ಬನಿಗೆ ಮೂರನೇ ಅಧ್ಯಾಯ ಸಿಗುವುದಕ್ಕೂ ಸಿಗದಿರುವುದಕ್ಕೂ ಇಷ್ಟೇ ವ್ಯತ್ಯಾಸ.

ಸಾಲು ಇಳಿಸಲು ಎಂಟರ್ ಮೇಲೆ ಎಂಟರ್, ನಡುವಿಗೆ ತರಲು ಸ್ಪೇಸ್ ಮೇಲೆ ಸ್ಪೇಸ್ ಒತ್ತುವುದನ್ನೂ ಬಿಡಿ. ಕೇಳುವವರಿಗೆ ಅದು ‘ಖಾಲಿ, ಖಾಲಿ, ಖಾಲಿ’.

ಹಂತ 4: ಚಿತ್ರಕ್ಕೆ ಮಾತು ಕೊಡಿ

ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿದರೆ ಆಲ್ಟ್ ಟೆಕ್ಸ್ಟ್ ಎಂಬ ಆಯ್ಕೆ ಸಿಗುತ್ತದೆ. ಅಲ್ಲಿ ಬರೆದದ್ದು ಪುಟದಲ್ಲಿ ಕಾಣುವುದಿಲ್ಲ, ಓದಿಸಿ ಕೇಳಿದಾಗ ಮಾತ್ರ ಕೇಳಿಸುತ್ತದೆ. ಏನು ಬರೆಯಬೇಕು ಎಂಬಲ್ಲಿ ಮಾತ್ರ ಯಂತ್ರದ ಸಹಾಯ ಸಾಲದು, ಬರೆಯುವವರ ವಿವೇಕ ಬೇಕು.

ಬೇಲೂರಿನ ಚೆನ್ನಕೇಶವ ದೇವಾಲಯದ ಪಾಠವನ್ನೇ ತೆಗೆದುಕೊಳ್ಳಿ. ದರ್ಪಣ ಸುಂದರಿಯ ಫೋಟೊ ಹಾಕಿದ್ದೀರಿ. ‘ಚಿತ್ರ’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ, ಅದು ಚಿತ್ರವೆಂದು ಸ್ಕ್ರೀನ್ ರೀಡರ್ ಆಗಲೇ ಹೇಳಿರುತ್ತದೆ. ‘ಸುಂದರವಾದ ಶಿಲ್ಪ’ ಎಂದರೆ ನಿಮ್ಮ ಅಭಿಪ್ರಾಯ ತಿಳಿಯಿತು, ಶಿಲ್ಪ ತಿಳಿಯಲಿಲ್ಲ. ‘ಬೇಲೂರಿನ ದರ್ಪಣ ಸುಂದರಿ: ಮೈತುಂಬ ಆಭರಣ ತೊಟ್ಟ ಹೆಣ್ಣು, ಕೈಯಲ್ಲಿ ಕನ್ನಡಿ ಹಿಡಿದು ಮುಖ ನೋಡಿಕೊಳ್ಳುತ್ತಿದ್ದಾಳೆ, ಸೊಂಟ ಒಂದು ಬದಿಗೆ ಬಾಗಿದೆ’ ಎಂದರೆ ಪಾಠಕ್ಕೆ ಬೇಕಾದ್ದು ದಕ್ಕಿತು. ಅದೇ ಫೋಟೊ ಪ್ರವಾಸದ ಕರಪತ್ರದಲ್ಲಿದ್ದರೆ ‘ಬೇಲೂರಿನ ದರ್ಪಣ ಸುಂದರಿ ಶಿಲ್ಪ’ ಎಂಬಷ್ಟೇ ಸಾಕು. ಚಿತ್ರ ಅಲ್ಲಿಗೆ ಯಾಕೆ ಬಂತು ಎಂಬುದೇ ವಿವರಣೆಯ ಉದ್ದವನ್ನು ಹೇಳುತ್ತದೆ.

ದೇವಾಲಯದ ತಳವಿನ್ಯಾಸದ ನಕ್ಷೆ ಹೀಗೆ ಒಂದು ಸಾಲಿಗೆ ಒಗ್ಗುವುದಿಲ್ಲ. ನಕ್ಷತ್ರಾಕಾರದ ಜಗತಿ, ಅದರ ಮೇಲೆ ನವರಂಗ, ಸುಕನಾಸಿ, ಗರ್ಭಗುಡಿ ಯಾವ ಕ್ರಮದಲ್ಲಿವೆ ಎಂಬುದನ್ನು ಪಾಠದ ಒಳಗೇ ಒಂದು ಪರಿಚ್ಛೇದವಾಗಿ ಬರೆಯಿರಿ, ಆಲ್ಟ್ ಟೆಕ್ಸ್ಟಿನಲ್ಲಿ ‘ತಳವಿನ್ಯಾಸ, ವಿವರಣೆ ಮುಂದಿನ ಪರಿಚ್ಛೇದದಲ್ಲಿದೆ’ ಎನ್ನಿ. ಆ ಪರಿಚ್ಛೇದದಿಂದ ಕಣ್ಣಿರುವ ವಿದ್ಯಾರ್ಥಿಗೂ ನಕ್ಷೆ ಮೊದಲ ಸಲ ಅರ್ಥವಾದರೆ ಆಶ್ಚರ್ಯವಿಲ್ಲ. ಗ್ರಾಫ್ ಇದ್ದರೆ ಅದರ ಆಕಾರವನ್ನಲ್ಲ, ಅದು ಹೇಳುವ ಅಂಕಿಗಳನ್ನು ಬರೆಯಿರಿ. ಪುಟದ ಅಂಚಿನ ಹೂಬಳ್ಳಿಗೆ ‘ಡೆಕೊರೇಟಿವ್’ ಎಂದು ಗುರುತು ಹಾಕಿ ಬಿಟ್ಟುಬಿಡಿ. ಎಲ್ಲದಕ್ಕೂ ವಿವರಣೆ ಕೊಡಲು ಹೊರಟರೆ ಓದುಗ ಹೂಬಳ್ಳಿಯಲ್ಲೇ ಸಿಕ್ಕಿಕೊಳ್ಳುತ್ತಾನೆ.

ಹಂತ 5: ಕೋಷ್ಟಕ, ಬಣ್ಣ

ಕೋಷ್ಟಕವನ್ನು ಟ್ಯಾಬ್ ಒತ್ತಿ ಜೋಡಿಸಬೇಡಿ, ಇನ್ಸರ್ಟ್ ಟೇಬಲ್ ಬಳಸಿ. ಮೊದಲ ಸಾಲನ್ನು ಹೆಡರ್ ಎಂದು ಗುರುತಿಸಿ. ಮನೆಗಳನ್ನು ಒಂದಾಗಿ ಬೆಸೆಯಬೇಡಿ, ಬೆಸೆದಲ್ಲಿ ಯಾವ ಅಂಕಿ ಯಾವ ಶೀರ್ಷಿಕೆಗೆ ಸೇರಿದ್ದೆಂದು ಕೇಳುವವರಿಗೆ ತಪ್ಪಿಹೋಗುತ್ತದೆ.

ಪೂರ್ತಿ ಕಾಣದವರಿಗಿಂತ ಅರೆಬರೆ ಕಾಣುವವರೇ ಹೆಚ್ಚು. ಅವರಿಗೆ ತಿಳಿ ಬೂದು ಅಕ್ಷರ, ಹಳದಿಯ ಮೇಲೆ ಬಿಳಿ, ಫೋಟೊದ ಮೇಲೆ ಅಚ್ಚಾದ ಸಾಲು ಇವೆಲ್ಲ ಶಿಕ್ಷೆ. ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅನುಪಾತ ಕನಿಷ್ಠ 4.5:1 ಇರಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ, ಅಳೆಯಲು ಉಚಿತ ಸಾಧನಗಳಿವೆ. ‘ಕೆಂಪು ಬಣ್ಣದಲ್ಲಿರುವವರು ಶುಲ್ಕ ಕಟ್ಟಿಲ್ಲ’ ಎಂದು ಬಣ್ಣವೊಂದನ್ನೇ ನೆಚ್ಚಬೇಡಿ, ಪಕ್ಕದಲ್ಲಿ ‘ಬಾಕಿ’ ಎಂದೂ ಬರೆಯಿರಿ.

ಹಂತ 6: ಪಿಡಿಎಫ್ ಮಾಡುವ ಮುನ್ನ ಯೋಚಿಸಿ

ನಮ್ಮಲ್ಲಿ ಕಡತ ಅಂತಿಮವಾಯಿತು ಅಂದರೆ ಪಿಡಿಎಫ್ ಆಯಿತು ಎಂದರ್ಥ. ಕನ್ನಡದ ಮಟ್ಟಿಗೆ ಇದು ಇನ್ನೂ ಅಪಾಯದ ದಾರಿ. ಒತ್ತಕ್ಷರ, ಗುಣಿತಗಳು ಪಿಡಿಎಫ್ ಒಳಗೆ ಚಿತ್ರರೂಪಗಳಾಗಿ ಕೂರುತ್ತವೆ, ಅವನ್ನು ಮತ್ತೆ ಅಕ್ಷರವಾಗಿ ಹೊರತೆಗೆಯುವಾಗ ಕ್ರಮ ಕೆಡುವುದುಂಟು. ವರ್ಡ್‌ನಲ್ಲಿ ಚೊಕ್ಕವಾಗಿ ಓದುತ್ತಿದ್ದ ಪಠ್ಯ ಪಿಡಿಎಫ್‌ನಲ್ಲಿ ತೊದಲತೊಡಗಿದರೆ ಕಾರಣ ಇದೇ.

ಪಿಡಿಎಫ್ ಬೇಕೇ ಬೇಕಿದ್ದರೆ ಪ್ರಿಂಟ್ ಆಯ್ಕೆಯಿಂದ ಮಾಡಬೇಡಿ, ಅಲ್ಲಿ ನೀವು ಹಾಕಿದ ಶೀರ್ಷಿಕೆಯ ಗುರುತುಗಳೆಲ್ಲ ಉದುರಿಹೋಗುತ್ತವೆ. ಸೇವ್ ಆ್ಯಸ್‌ನಲ್ಲಿ ಪಿಡಿಎಫ್ ಆರಿಸಿ, ಆಪ್ಷನ್ಸ್ ಒಳಗೆ ಆ್ಯಕ್ಸೆಸಿಬಿಲಿಟಿ ಟ್ಯಾಗ್‌ಗಳ ಮುಂದೆ ಗುರುತು ಇದೆಯೇ ನೋಡಿಕೊಳ್ಳಿ. ಲಿಬ್ರೆ ಆಫೀಸ್ ಬಳಸುವವರಿಗೆ ಟ್ಯಾಗ್ಡ್ ಪಿಡಿಎಫ್ ಎಂಬ ಆಯ್ಕೆಯಿದೆ. ಆಮೇಲೆ ಪಿಡಿಎಫ್‌ನಿಂದ ಒಂದು ಪರಿಚ್ಛೇದ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ. ಅಲ್ಲಿ ಕೆಟ್ಟಿದ್ದರೆ ಕಿವಿಗೂ ಕೆಟ್ಟಿದೆ. ನನ್ನ ಸಲಹೆ ಕೇಳುವುದಾದರೆ, ಪಿಡಿಎಫ್ ಜೊತೆಗೆ ವರ್ಡ್ ಅಥವಾ ಇ-ಪಬ್ ಪ್ರತಿಯನ್ನೂ ಕೊಟ್ಟುಬಿಡಿ. ‘ಯಾರಾದರೂ ತಿದ್ದಿಬಿಡುತ್ತಾರೆ’ ಎಂಬ ಅಂಜಿಕೆ ಕಚೇರಿಗಳಲ್ಲಿ ಸಾಮಾನ್ಯ. ಸಹಿ ಹಾಕಿದ ಪ್ರತಿ ನಿಮ್ಮ ಬಳಿ ಇದ್ದೇ ಇರುತ್ತದಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಸಹಿ, ಮೊಹರು ಹಾಕಿದ ಕಾಗದವನ್ನು ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸುವುದು. ಅದರಲ್ಲಿ ಒಂದಕ್ಷರವೂ ಇಲ್ಲ, ಇರುವುದು ಕಾಗದದ ಫೋಟೊ. ‘ನಮಗೇನು ಇದು ಕಡ್ಡಾಯವೆ?’ ಎಂದು ಕೇಳುವ ಅಧಿಕಾರಿಗಳಿಗೆ ಎರಡು ಸಂಗತಿ ಹೇಳಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 42ನೇ ಸೆಕ್ಷನ್ ಮಾಹಿತಿ ಮತ್ತು ಸಂವಹನ ಅವರಿಗೆ ಎಟುಕುವ ರೂಪದಲ್ಲಿರುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆಗಳು ಎಟುಕುವುದನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದೇ ಹೇಳಿದೆ.

ಹಂತ 7: ಸ್ಕ್ಯಾನ್ ಮಾತ್ರ ಉಳಿದಿರುವ ಹಳೆಯದಕ್ಕೆ

ಮೂಲ ಕಡತವೇ ಕಳೆದುಹೋಗಿದ್ದರೆ ಸ್ಕ್ಯಾನನ್ನು ಗೂಗಲ್ ಡ್ರೈವಿಗೆ ಏರಿಸಿ, ಬಲ ಕ್ಲಿಕ್ ಮಾಡಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರದ ಕೆಳಗೆ ಕನ್ನಡ ಪಠ್ಯ ಬಂದಿರುತ್ತದೆ. ನೇರವಾಗಿ, ನೆರಳಿಲ್ಲದೆ ಸ್ಕ್ಯಾನ್ ಮಾಡಿದ ಅಚ್ಚಿನ ಪುಟವಾದರೆ ಫಲಿತಾಂಶ ಚೆನ್ನಾಗಿಯೇ ಇರುತ್ತದೆ. ಕೈಬರಹ, ಎರಡು ಅಂಕಣದ ಪುಟ, ಹಳೆಯ ಮೊಳೆಯ ಮಸುಕು ಅಚ್ಚು ಇವುಗಳಲ್ಲಿ ತಿದ್ದುಪಡಿಗೆ ಹೊತ್ತು ಹಿಡಿಯುತ್ತದೆ.

ಪುಸ್ತಕವೆಂದ ಮೇಲೆ ಹಕ್ಕುಸ್ವಾಮ್ಯದ ಪ್ರಶ್ನೆ ಏಳುತ್ತದೆ. ಮುದ್ರಿತ ಪುಸ್ತಕ ಓದಲಾರದ ಅಂಗವಿಕಲರಿಗಾಗಿ, ಲಾಭದ ಉದ್ದೇಶವಿಲ್ಲದೆ, ಅವರಿಗೆ ಒದಗುವ ರೂಪಕ್ಕೆ ಪರಿವರ್ತಿಸಲು 2012ರ ತಿದ್ದುಪಡಿಯ ನಂತರ ನಮ್ಮ ಕಾಯ್ದೆ ಅವಕಾಶ ಕೊಟ್ಟಿದೆ. ಇದೇ ಉದ್ದೇಶದ 2013ರ ಮರಾಕೇಶ್ ಒಪ್ಪಂದವನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ಅವಕಾಶ ಅವರ ಓದಿಗೆ, ಊರಿಗೆಲ್ಲ ಹಂಚಲು ಅಲ್ಲ. ದುಡಿಯುವ ಮುನ್ನ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಆ ಪುಸ್ತಕ ಆಗಲೇ ಇದೆಯೇ ಹುಡುಕಿಸಿ ನೋಡಿ.

ಹಂತ 8: ವಾಟ್ಸ್ಆ್ಯಪ್ ಸಂದೇಶ

ಊರಿನ ಸುದ್ದಿ ಈಗ ಓಡಾಡುವುದು ಇಲ್ಲೇ, ಅದೂ ಚಿತ್ರವಾಗಿ. ಬಣ್ಣಬಣ್ಣದ ಆಹ್ವಾನ ಪತ್ರಿಕೆ ಕಳಿಸಿ, ಬೇಡವೆನ್ನುವುದಿಲ್ಲ. ಅದರ ಕೆಳಗೆ ಏನು, ಎಲ್ಲಿ, ಯಾವಾಗ, ಯಾರನ್ನು ಕೇಳಬೇಕು ಎಂಬುದನ್ನು ಟೈಪ್ ಮಾಡಿ. ಹತ್ತು ಕೈಮುಗಿಯುವ ಚಿಹ್ನೆ, ಹತ್ತು ಹೂಗುಚ್ಛ ಹಾಕಿದರೆ ಕೇಳುವವರು ಅವುಗಳ ಹೆಸರುಗಳನ್ನೆಲ್ಲ ದಾಟಿಯೇ ನಿಮ್ಮ ಮಾತಿಗೆ ಬರಬೇಕು. ಒಂದು ಸಾಕು, ಅದೂ ಕೊನೆಯಲ್ಲಿ.

ಹಂತ 9: ಬಳಸುವವರ ಕೈಗೆ ಕೊಡಿ

ವರ್ಡ್‌ನ ರಿವ್ಯೂ ಪಟ್ಟಿಯಲ್ಲಿ ಚೆಕ್ ಆ್ಯಕ್ಸೆಸಿಬಿಲಿಟಿ ಎಂಬ ಪರೀಕ್ಷಕವಿದೆ. ಬಿಟ್ಟುಹೋದ ಆಲ್ಟ್ ಟೆಕ್ಸ್ಟ್, ಹೆಡರ್ ಇಲ್ಲದ ಕೋಷ್ಟಕ ಇವನ್ನು ಅದು ಹಿಡಿದುಕೊಡುತ್ತದೆ. ‘ಬ೦ದ’ ಅದಕ್ಕೆ ಸಿಗುವುದಿಲ್ಲ. ನಿಮ್ಮ ದರ್ಪಣ ಸುಂದರಿಯ ವಿವರಣೆ ಅರ್ಥವಾಗುವಂತಿದೆಯೇ ಎಂಬುದೂ ಅದಕ್ಕೆ ತಿಳಿಯದು. ಅದಕ್ಕೇ ಸ್ಕ್ರೀನ್ ರೀಡರನ್ನು ದಿನವೂ ಬಳಸುವ ವಿದ್ಯಾರ್ಥಿಯೋ ಸಹೋದ್ಯೋಗಿಯೋ ಇದ್ದರೆ ಕಡತ ಕಳಿಸಿ, ನಿರ್ದಿಷ್ಟವಾಗಿ ಕೇಳಿ: ಮೂರನೇ ಅಧ್ಯಾಯಕ್ಕೆ ಹೋಗಲು ಆಯಿತೆ? ಕೋಷ್ಟಕದಲ್ಲಿ ಇಂಥ ವರ್ಷದ ಅಂಕಿ ಸಿಕ್ಕಿತೆ? ಎಲ್ಲಿ ತಡವರಿಸಿತು? ‘ಹೇಗಿದೆ?’ ಎಂದು ಸುಮ್ಮನೆ ಕೇಳಿದರೆ ಸಂಕೋಚಕ್ಕೆ ‘ಚೆನ್ನಾಗಿದೆ ಸರ್’ ಎಂಬ ಉತ್ತರ ಬರುತ್ತದೆ. ಇದನ್ನು ಪದೇ ಪದೇ ಪುಕ್ಕಟೆ ಮಾಡಿಸಿಕೊಳ್ಳಬೇಡಿ. ಸಂಸ್ಥೆಯ ಕೆಲಸವಾದರೆ ಅಚ್ಚಿನ ಕರಡು ತಿದ್ದುವವರಿಗೆ ಕೊಡುವಂತೆ ಇವರಿಗೂ ಸಂಭಾವನೆ ಕೊಡಿ.

ಅವರು ಹೇಳಿದ್ದನ್ನು ತಿದ್ದಿದ ಮೇಲೆ ಆ ಕಡತದಿಂದ ಪಠ್ಯವನ್ನೆಲ್ಲ ತೆಗೆದು, ಶೀರ್ಷಿಕೆಯ ಸ್ಟೈಲು, ಫಾಂಟು, ಭಾಷೆಯ ಗುರುತು ಮಾತ್ರ ಉಳಿಸಿ, ಟೆಂಪ್ಲೇಟ್ ಆಗಿ ಸೇವ್ ಮಾಡಿ ಕಚೇರಿಯ ಎಲ್ಲ ಕಂಪ್ಯೂಟರುಗಳಿಗೂ ಹಾಕಿ. ಮುಂದಿನ ಸುತ್ತೋಲೆಯನ್ನು ಯಾರು ಟೈಪ್ ಮಾಡಿದರೂ ಅದರಲ್ಲೇ ಶುರು ಮಾಡಲಿ.